ಗೇರು ಸಿಪ್ಪೆ ಮುಟ್ಟಿದ್ದು ಗಂಡ, ಗುಳ್ಳೆ ಎದ್ದಿದ್ದು ಹೆಂಡತಿಗೆ

ಪ್ರಶ್ನೆ: ನಮ್ಮವರು ಗೋಡಂಬಿ ಒಡೆಯುವ ಕೆಲಸ ಮಾಡುತ್ತಾರೆ. ನಾನು ಅತ್ತ ಹೋದವಳೇ ಅಲ್ಲ. ಆದರೂ ನನ್ನ ಕೈ, ಕುತ್ತಿಗೆ ಮೇಲೆ ನೀರುಗುಳ್ಳೆ ಎದ್ದಿವೆ. ಗುಳ್ಳೆ ಒಡೆದರೆ ಮಗುವಿಗೂ ಹತ್ತುತ್ತಾ? – ಖಾನಾಪುರ ತಾಲ್ಲೂಕಿನ ಓದುಗರು

ಉತ್ತರ: ಇಲ್ಲ ತಾಯಿ, ಹತ್ತುವುದಿಲ್ಲ. ಪ್ರತಿ ವರ್ಷ ಇದನ್ನೇ ಬರೆದು ಸಾಕಾಗಿದೆ. ಗುಳ್ಳೆಯಲ್ಲಿರುವುದು ನಿಮ್ಮ ಮೈಯ ನೀರು, ಗೇರಿನ ಎಣ್ಣೆಯಲ್ಲ. ಹರಡುವುದು ಸಿಪ್ಪೆಯ ಎಣ್ಣೆ. ಅವರ ಅಂಗಿ ಒಗೆಯುವವರು ನೀವೇ ಅಲ್ವಾ? ಆ ಎಣ್ಣೆ ಅಂಗಿಯ ತೋಳು, ಟವೆಲ್, ಮೊಬೈಲ್, ಬೈಕಿನ ಹ್ಯಾಂಡಲ್, ಉಗುರಿನ ಸಂದಿ ಎಲ್ಲ ಕಡೆ ಕೂತಿರುತ್ತದೆ, ಬರೀ ನೀರಿಗೆ ಹೋಗುವುದೂ ಇಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜ ಇದರದ್ದೇ ಬಳಗ. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಒಗೆದು ಒಣಗಿಸಿ ತಂದ ಬಟ್ಟೆಯಿಂದಲೇ, ಆ ಗುರುತು ಮೈಗೆ ತಾಗಿದ ಕಡೆ ದದ್ದು ಎದ್ದಿತ್ತು.

ಇನ್ನೊಂದು ಗೊಂದಲ, ದದ್ದು ತಕ್ಷಣ ಏಳುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಅಷ್ಟರಲ್ಲಿ ಅಂಗಿ ಮರೆತಿರುತ್ತದೆ, ಬೈಗುಳ ನಿನ್ನೆ ಉಂಡ ಬದನೆಕಾಯಿಗೆ. ತೆಳು ಚರ್ಮದ ಕಡೆ ಮೊದಲು, ದಪ್ಪ ಚರ್ಮದ ಕಡೆ ಆಮೇಲೆ ಏಳುವುದರಿಂದ ಹಬ್ಬುತ್ತಿದೆ ಅನ್ನಿಸುತ್ತದೆ, ಅಷ್ಟೇ.

ಅವರು ಬಂದ ಕೂಡಲೇ ಸೋಪು ಹಚ್ಚಿ, ಉಗುರು ಸಮೇತ, ತಣ್ಣೀರಿನಲ್ಲಿ ಕೈ ತೊಳೆಯಲಿ. ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಕೆಲಸದ ಬಟ್ಟೆ ಬೇರೆ ಬಕೆಟ್‌ನಲ್ಲಿ, ಪುಡಿ ಹಾಕಿ ಒಗೆಯಿರಿ, ಆದರೆ ಅವರೇ ಒಗೆದುಕೊಂಡರೆ ನನಗೆ ಜಾಸ್ತಿ ಸಂತೋಷ. ಸಿಪ್ಪೆಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಮುಖ ಊದಿದರೆ, ಕಣ್ಣಿನ ಸುತ್ತ ಎದ್ದರೆ ಅದೇ ದಿನ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಸರ್ಪಸುತ್ತು ಅಂದರು, ಕಾವಿ ಬರೆಸಲೇ? – ಬಾಗಲಕೋಟೆ

ಬೇಡ. ಸರ್ಪಸುತ್ತೇ ಆಗಿದ್ದರೂ ಬೇಡ. ಬೇಗ ಶುರು ಮಾಡಬೇಕಾದ ಮಾತ್ರೆ ಅದಕ್ಕಿದೆ.

ಪ್ರಶ್ನೆ: ಮಂಡಿ ನೋವಿಗೆ ಕೇರು ಎಣ್ಣೆ ಹಚ್ಚಬಹುದಾ? – ವಿಜಯಪುರ

ಹಚ್ಚಿಕೊಂಡು ಮಂಡಿ ಸುಟ್ಟುಕೊಂಡವರನ್ನು ನೋಡಿದ್ದೇನೆ. ಹಚ್ಚಿ ಅಂದ ಪಂಡಿತರಿಗೆ ಮೊದಲು ತಮ್ಮ ಮಂಡಿಗೆ ಹಚ್ಚಿಕೊಳ್ಳಲು ಹೇಳಿ.

ಪ್ರಶ್ನೆ: ಕಾಂಗ್ರೆಸ್ ಗಿಡದ ತುರಿಕೆಯೂ ಇದೇನಾ? – ಗೋಕಾಕ

ಅಲ್ಲ. ಅದು ಗಾಳಿಯಲ್ಲಿ ಹಾರುವ ಗಿಡದ ಪುಡಿಯಿಂದ. ಒಣಗಿದ ಗಿಡವೂ ಬಿಡುವುದಿಲ್ಲ.

ಪ್ರಶ್ನೆ: ಮೆಡಿಕಲ್ ಅಂಗಡಿಯವರು ಟ್ಯೂಬ್ ಕೊಟ್ಟಿದ್ದಾರೆ, ಹಚ್ಚಲಾ? – ಬೈಲಹೊಂಗಲ

ಟ್ಯೂಬಿನ ಹೆಸರು ಬರೆಯದೆ ಕೇಳಿದ್ದೀರಿ. ಸ್ಟಿರಾಯ್ಡ್ ಇದ್ದರೆ ಮುಖಕ್ಕಂತೂ ಮುಟ್ಟಿಸಬೇಡಿ. ಸದ್ಯಕ್ಕೆ ಕ್ಯಾಲಮೈನ್ ಲೋಷನ್ ಸಾಕು.