ಒನ್‌ವೇ ಆರಿಸಿಕೊಳ್ಳಿ, ರೈಲಿಗೂ ಅನುಕೂಲ

ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್‌ಗೆ ರೌಂಡ್ ಟ್ರಿಪ್ ಒಳ್ಳೆಯದಾ, ಒನ್‌ವೇ ಒಳ್ಳೆಯದಾ ಅಂತ ಕೇಳಿದ್ದೀರಿ. ರೈಲೂ ಬೇಕು ಅಂದಿದ್ದೀರಲ್ಲ, ಹಾಗಾದರೆ ಒನ್‌ವೇನೇ ಸರಿ. ಕೆನಡಾದ ವ್ಯಾಂಕೂವರ್‌ನಲ್ಲಿ ಹಡಗು ಹತ್ತಿ ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿದರೆ, ಅಲ್ಲಿಂದ ರೈಲಿನಲ್ಲಿ ಆಂಕೊರೇಜ್‌ಗೆ, ಮುಂದೆ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಭಾರತದ ಪಾಸ್‌ಪೋರ್ಟ್ ಆದರೆ ಅಮೆರಿಕದ ವೀಸಾ ಜೊತೆ ಕೆನಡಾ ವೀಸಾಕ್ಕೂ ಈಗಲೇ ಅರ್ಜಿ ಹಾಕಿ.

ಬುಕ್ ಮಾಡುವ ಮುಂಚೆ ಹಡಗಿನ ದಾರಿಯಲ್ಲಿ ಗ್ಲೇಸಿಯರ್ ಬೇ (ಹಿಮನದಿಗಳಿರುವ ಕೊಲ್ಲಿ, ರಾಷ್ಟ್ರೀಯ ಉದ್ಯಾನ) ಇದೆಯಾ ನೋಡಿ. ಅಲ್ಲಿಗೆ ದಿನಕ್ಕೆ ಹೆಚ್ಚೆಂದರೆ 2 ಕ್ರೂಸ್ ಹಡಗುಗಳಿಗೆ ಮಾತ್ರ ಅನುಮತಿ. ಪಾರ್ಕಿನ ರೇಂಜರ್‌ಗಳೇ ಹಡಗು ಹತ್ತಿ ವಿವರಿಸುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ ದಯವಿಟ್ಟು ಕ್ಯಾಬಿನ್‌ನಲ್ಲಿ ಕೂರಬೇಡಿ. ಮಂಜುಗಡ್ಡೆ ಬಿರಿಯುವ ಸದ್ದು ಗುಡುಗಿನ ಹಾಗೆ ಇರುತ್ತದೆ, ಅದನ್ನು ಡೆಕ್ ಮೇಲೆ ನಿಂತೇ ಕೇಳಬೇಕು. ಬೇಸಿಗೆಯಲ್ಲೂ ಚಳಿ ಜಾಸ್ತಿ, ಅಮ್ಮನಿಗೆ ಟೋಪಿ, ಗ್ಲೌಸ್ ಇರಲಿ.

ಅಲಾಸ್ಕಾದ ಬಂದರು ಊರು ಸ್ಕ್ಯಾಗ್‌ವೇಯಲ್ಲಿ ಹಡಗು ನಿಂತರೆ ವೈಟ್ ಪಾಸ್ ರೈಲು ಖಂಡಿತ ಹತ್ತಿ. ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ ಕೆಲಸ ಶುರುವಾದ ನ್ಯಾರೋಗೇಜ್ ಹಳಿ ಅದು. ಸುಮಾರು 20 ಮೈಲಿಯಲ್ಲಿ 2,865 ಅಡಿ ಎತ್ತರಕ್ಕೆ ಏರುತ್ತದೆ. ಹತ್ತುವಾಗ ಎಡಗಡೆ ಸೀಟು ಹಿಡಿಯಿರಿ, ಕಣಿವೆ ಆ ಕಡೆಯೇ ಕಾಣುವುದು. ಕೂತೇ ನೋಡಬಹುದು, ಹಾಗಾಗಿ ಮಂಡಿನೋವು ಇರುವವರಿಗೂ ಕಷ್ಟವಿಲ್ಲ.