ಬಾಲದ ಫ್ಯಾನಿಲ್ಲದ ಹೆಲಿಕಾಪ್ಟರ್

ಅರಸೀಕೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಮೂವತ್ತು ವರ್ಷ ಲಾರಿ ಗ್ಯಾರೇಜ್ ನಡೆಸಿದವರು. ಟೀವಿಯಲ್ಲಿ ಗಣರಾಜ್ಯೋತ್ಸವ ನೋಡುವಾಗ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಹಾರಿ ಹೋಯಿತಂತೆ. ‘ಮುಂದೊಂದು ಫ್ಯಾನು, ಹಿಂದೊಂದು ಫ್ಯಾನು. ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತದೆ, ಆದರೂ ಡಿಕ್ಕಿ ಯಾಕೆ ಆಗೋದಿಲ್ಲ? ಬಾಲದಲ್ಲಿ ಫ್ಯಾನು ಯಾಕಿಲ್ಲ? ಇದಕ್ಕಿಂತ ದೊಡ್ಡ ರಷ್ಯಾದ ಹೆಲಿಕಾಪ್ಟರ್ ನಮ್ಮಲ್ಲೇ ಇತ್ತಲ್ಲ, ಮತ್ತೆ ಇದನ್ನು ಯಾಕೆ ತಂದರು?’ ಎಂದು ಕೇಳಿದ್ದಾರೆ.

ನಮಸ್ಕಾರ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಚಿನೂಕ್ ವಿಷಯದಲ್ಲಿ ಎಲ್ಲರೂ ಬೆಲೆ ಕೇಳುತ್ತಾರೆ. ನೀವು ಗೇರ್‌ಬಾಕ್ಸಿನ ಹತ್ತಿರ ಬಂದಿದ್ದೀರಿ. ಅದರ ಜೀವ ಇರುವುದೇ ಅಲ್ಲಿ.

ಮೊದಲು ಬಾಲದ ಮಾತು. ಮೇಲಿನ ಫ್ಯಾನು ಒಂದು ದಿಕ್ಕಿಗೆ ತಿರುಗಿದರೆ ಹೆಲಿಕಾಪ್ಟರಿನ ಮೈ ಅದರ ಎದುರು ದಿಕ್ಕಿಗೆ ತಿರುಗಲು ಎಳೆಯುತ್ತದೆ. ಅದನ್ನು ತಡೆದು ಹಿಡಿಯಲು ಬಾಲದಲ್ಲಿ ಪುಟ್ಟ ಫ್ಯಾನು ಬೇಕು. ಅದು ಎಂಜಿನ್ನಿನ ಬಲದಲ್ಲಿ ಒಂದು ಪಾಲು ತಿನ್ನುತ್ತದೆ, ಆದರೆ ಒಂದು ಕೆಜಿ ಭಾರವನ್ನೂ ಎತ್ತುವುದಿಲ್ಲ. ಚಿನೂಕಿನಲ್ಲಿ ಎರಡು ಫ್ಯಾನುಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಒಂದರ ಎಳೆತ ಇನ್ನೊಂದಕ್ಕೆ ವಜಾ. ಇದ್ದಬದ್ದ ಬಲವೆಲ್ಲ ಎತ್ತುವುದಕ್ಕೇ ಸಿಗುತ್ತದೆ.

ಇನ್ನು ಡಿಕ್ಕಿ. ಲಾರಿಯ ಅಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಇರುತ್ತದಲ್ವಾ? ಚಿನೂಕಿನಲ್ಲಿ ಅಂಥದೇ ಶಾಫ್ಟ್ ಬೆನ್ನಿನ ಮೇಲೆ ಉದ್ದಕ್ಕೂ ಓಡುತ್ತದೆ. ಹಿಂದಿನ ಎರಡು ಎಂಜಿನ್ನುಗಳ ಬಲ ಮೊದಲು ಒಂದು ಗೇರ್‌ಬಾಕ್ಸಿಗೆ ಬಂದು ಸೇರುತ್ತದೆ. ಅಲ್ಲಿಂದ ಒಂದು ಶಾಫ್ಟ್ ಮುಂದಕ್ಕೆ, ಒಂದು ಹಿಂದಕ್ಕೆ. ಎಂಜಿನ್ ನಿಮಿಷಕ್ಕೆ ಸುಮಾರು 15,000 ಸುತ್ತು, ಫ್ಯಾನು ಬರೀ 225. ನಡುವೆ ಐದು ಗೇರ್‌ಬಾಕ್ಸು. ಎರಡೂ ಫ್ಯಾನುಗಳನ್ನು ಗೇರಿನ ಹಲ್ಲುಗಳೇ ಕಟ್ಟಿ ಹಾಕಿರುವುದರಿಂದ, ಮುಂದಿನ ಮೂರು ರೆಕ್ಕೆಗಳ ಸಂದಿನಲ್ಲೇ ಹಿಂದಿನ ಮೂರು ಬಂದು ಹೋಗಬೇಕು. ಗೇರು ಸರಿಯಿರುವವರೆಗೆ ಟೈಮಿಂಗ್ ತಪ್ಪುವುದಿಲ್ಲ. ಒಂದು ಎಂಜಿನ್ ನಿಂತರೆ ಇನ್ನೊಂದು ಎರಡೂ ಫ್ಯಾನುಗಳನ್ನು ತಿರುಗಿಸುತ್ತದೆ.

ಈ ಜೋಡಿ ಫ್ಯಾನಿನ ಹಾದಿ ಹಿಡಿದವರು ಅಮೆರಿಕದ ಫ್ರಾಂಕ್ ಪಿಯಾಸೆಕಿ. 1945ರಲ್ಲೇ ಇಂಥ ಹೆಲಿಕಾಪ್ಟರ್ ಹಾರಿಸಿದ್ದರು. ಅವರು ಕಟ್ಟಿದ ಕಂಪನಿ ಮುಂದೆ ವರ್ಟಾಲ್ ಆಯಿತು, 1960ರಲ್ಲಿ ಬೋಯಿಂಗ್ ಅದನ್ನು ಕೊಂಡಿತು. 1961ರ ಸೆಪ್ಟೆಂಬರಿನಲ್ಲಿ ಚಿನೂಕ್ ನೆಲ ಬಿಟ್ಟಿತು. ಆಗ ಒಂದೊಂದು ಎಂಜಿನ್ನಿಗೆ 2,200 ಅಶ್ವಶಕ್ತಿ. ಈಗಿನ ಎಫ್ ಮಾದರಿಯಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಒಳಗಿನದೆಲ್ಲ ಬದಲಾದರೂ ಹೊರಗಿನ ಆಕಾರ ಹೆಚ್ಚುಕಡಿಮೆ ಅದೇ. ವಿಯೆಟ್ನಾಂ ಯುದ್ಧದಲ್ಲಿ ಗುಡ್ಡದ ತಲೆಗೆ ಫಿರಂಗಿ ಏರಿಸುವುದು, ಬಿದ್ದ ವಿಮಾನಗಳನ್ನು ಎತ್ತಿ ತರುವುದು ಇದರ ದಿನದ ಕೆಲಸವಾಗಿತ್ತು.

ನಿಮ್ಮಂಥವರಿಗೆ ಹೇಳಲೇಬೇಕಾದ ಒಂದು ಕಥೆ ಬ್ರಿಟನ್, ಅರ್ಜೆಂಟೀನಾ ನಡುವೆ ನಡೆದ ಫಾಕ್ಲೆಂಡ್ಸ್ ದ್ವೀಪಗಳ ಯುದ್ಧದ್ದು. 1982ರ ಮೇ 25ರಂದು ಬ್ರಿಟನ್ನಿನ ಅಟ್ಲಾಂಟಿಕ್ ಕನ್ವೇಯರ್ ಹಡಗಿಗೆ ಕ್ಷಿಪಣಿ ಬಡಿಯಿತು. ಮೂರು ಚಿನೂಕ್ ಸುಟ್ಟುಹೋದವು. ಆ ಹೊತ್ತಿಗೆ ಗಾಳಿಯಲ್ಲಿದ್ದ ಒಂದೇ ಒಂದು ಉಳಿಯಿತು. ಅದರ ಹೆಸರು ಬ್ರಾವೋ ನವೆಂಬರ್. ಸ್ಪ್ಯಾನರು, ಬಿಡಿಭಾಗ, ಕೈಪಿಡಿ ಎಲ್ಲ ಹಡಗಿನ ಜೊತೆ ಹೋಗಿದ್ದವು. ಟೂಲ್ಸ್ ಇಲ್ಲದ ಗ್ಯಾರೇಜನ್ನು ನೆನೆಸಿಕೊಳ್ಳಿ. ಆ ಸ್ಥಿತಿಯಲ್ಲೇ ಅದು ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,500 ಸೈನಿಕರನ್ನೂ 550 ಟನ್ ಸಾಮಾನನ್ನೂ ಸಾಗಿಸಿತು. ಒಮ್ಮೆ ಒಂದೇ ಸಲಕ್ಕೆ 81 ಸೈನಿಕರನ್ನು ನಿಲ್ಲಿಸಿಕೊಂಡು ಹೋಗಿತ್ತು. ಆ ಮೆಕ್ಯಾನಿಕ್‌ಗಳನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಫ್ಯಾನು ಬಿಟ್ಟರೆ ನನ್ನ ಮಟ್ಟಿಗೆ ಇದರ ದೊಡ್ಡ ಸೊಗಸು ಹೊಟ್ಟೆಯಡಿಯ ಮೂರು ಕೊಕ್ಕೆಗಳು. ಭಾರ ಸಿಕ್ಕಿಸುವಾಗ ಹೆಲಿಕಾಪ್ಟರ್ ತಲೆಯ ಮೇಲೆಯೇ ತೂಗುತ್ತಿರುತ್ತದೆ. ಕೆಳಗಿನವರು ಗಾಳಿಯ ಹೊಡೆತಕ್ಕೆ ಕಾಲೂರಿ, ಬಗ್ಗಿ ನಿಂತಿರುತ್ತಾರೆ. ರೆಕ್ಕೆಗಳು ಗಾಳಿ, ಧೂಳನ್ನು ಉಜ್ಜಿ ಉಜ್ಜಿ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ ತುಂಬಿರುತ್ತದೆ. ಸುಮ್ನೆ ಕೈ ಹಾಕಿದರೆ ಜೋರು ಶಾಕ್ ಹೊಡೆಯುತ್ತದೆ. ಅದಕ್ಕೇ ಒಬ್ಬರು ನೆಲಕ್ಕೆ ತಂತಿ ಬಿಟ್ಟ ಕೋಲನ್ನು ಮೊದಲು ಕೊಕ್ಕೆಗೆ ಮುಟ್ಟಿಸಿ ಹಿಡಿಯುತ್ತಾರೆ. ಆಮೇಲೆ ಇನ್ನೊಬ್ಬರು ಭಾರಕ್ಕೆ ಕಟ್ಟಿದ ಬಳೆಯನ್ನು ಕೊಕ್ಕೆಗೆ ಹಾಕಿ ಓಡುತ್ತಾರೆ. ನಾಲ್ಕು ಟನ್ ದಾಟುವ ನಮ್ಮ ಎಂ777 ಫಿರಂಗಿ ಗಡಿಯ ಬೆಟ್ಟಗಳಿಗೆ ಹೀಗೇ ನೇತಾಡಿಕೊಂಡು ಹೋಗುತ್ತದೆ.

ರಷ್ಯಾದ ಎಂಐ-26 ಬಗ್ಗೆ ನೀವು ಹೇಳಿದ್ದು ನಿಜ. 1986ರಿಂದ ನಮ್ಮ ವಾಯುಪಡೆಯಲ್ಲಿತ್ತು. ಎಂಟು ರೆಕ್ಕೆ, 32 ಮೀಟರ್ ಅಗಲದ ಫ್ಯಾನು, 20 ಟನ್ ಭಾರ ಎತ್ತುವ ತಾಕತ್ತು. ಚಿನೂಕ್ ಎತ್ತುವುದು ಹತ್ತು ಟನ್ ಆಸುಪಾಸು. 2013ರ ಪ್ರವಾಹದ ನಂತರ ಕೇದಾರನಾಥ ಮತ್ತೆ ಕಟ್ಟಲು ಭಾರಿ ಯಂತ್ರಗಳನ್ನು ಮುಟ್ಟಿಸಿದ್ದು ಎಂಐ-26. ಆ ಋಣ ಮರೆಯುವಂಥದ್ದಲ್ಲ. ಆದರೆ ಹದಿನಾರು ಚಕ್ರದ ಲಾರಿ ಎಲ್ಲ ಹಳ್ಳಿಗೂ ಹೋಗುತ್ತದೆಯೇ? ಎಂಐ-26 ಇಳಿಯಲು ವಿಶಾಲ ಜಾಗ ಬೇಕು, ನಮ್ಮಲ್ಲಿದ್ದದ್ದೂ ಬೆರಳೆಣಿಕೆಯಷ್ಟು. ಚಿನೂಕ್ ಬೆಟ್ಟದ ಅಂಚಿಗೆ ಹಿಂದಿನ ಚಕ್ರಗಳನ್ನಷ್ಟೇ ಊರಿ, ಮುಂಭಾಗವನ್ನು ಕಣಿವೆಯ ಮೇಲೆ ತೇಲಿಸಿಕೊಂಡು ಜನರನ್ನು ಇಳಿಸಬಲ್ಲದು. ಅದಕ್ಕೇ 2015ರಲ್ಲಿ ಹದಿನೈದಕ್ಕೆ ಒಪ್ಪಂದವಾಯಿತು. 2019ರ ಮಾರ್ಚಿನಲ್ಲಿ ಚಂಡೀಗಢದಲ್ಲಿ ಮೊದಲಿನವು ಸೇವೆಗೆ ಸೇರಿದವು. ನನ್ನನ್ನು ಕೇಳಿದರೆ ಸರಿಯಾದ ಆಯ್ಕೆ.

ಇನ್ನೊಂದು ವಿಷಯ, ನಿಮ್ಮ ಮೊಮ್ಮಗಳಿಗೂ ಹೇಳಿ. ಹಿಂದಿನ ಫ್ಯಾನನ್ನು ಹೊತ್ತು ನಿಲ್ಲುವ ಎತ್ತರದ ಗೋಪುರ, ಸಾಮಾನು ಏರಿಸುವ ಹಿಂಬದಿಯ ಇಳಿಜಾರು ಬಾಗಿಲು, ಇವೆರಡನ್ನೂ ಬೋಯಿಂಗ್‌ಗೆ ಮಾಡಿಕೊಡುವುದು ನಮ್ಮ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್.

2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಹದಿನೇಳು ದಿನ ಸಿಕ್ಕಿಕೊಂಡಿದ್ದ 41 ಕಾರ್ಮಿಕರು ನೆನಪಿದ್ದಾರಲ್ವಾ? ಹೊರಗೆ ಬಂದ ಮರುದಿನ ಅವರನ್ನು ಚಿನ್ಯಾಲಿಸೌಡ್‌ನಿಂದ ಋಷಿಕೇಶದ ಏಮ್ಸ್ ಆಸ್ಪತ್ರೆಗೆ ಮುಟ್ಟಿಸಿದ್ದು ಚಿನೂಕ್. ಎಲ್ಲ 41 ಜನರೂ ಒಟ್ಟಿಗೇ ಹೋದರು.

— ಸಂಪಾದಕ