ತೂತು ಟ್ಯೂಬಿನಲ್ಲಿ, ಕಾರಣ ಟೈರಿನಲ್ಲಿ: ಸೈಕಲ್ ಪ್ರಶ್ನೋತ್ತರ

ಪ್ರಶ್ನೆ: ಮಗಳು ದಿನಾ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಹದಿನೈದು ದಿನದಲ್ಲಿ ಮೂರು ಸಲ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ಹಳತಾಗಿದೆ ಎಂದರು, ಹೊಸದನ್ನೇ ಹಾಕಿಸಿದೆ. ನಾಲ್ಕನೇ ದಿನಕ್ಕೆ ಮತ್ತೆ ಗಾಳಿ ಇಲ್ಲ. ಹೊಸ ಟ್ಯೂಬ್ ಕಳಪೆಯೇ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಟ್ಯೂಬಿನ ಮೇಲೆ ತಪ್ಪು ಹೊರಿಸುವ ಮೊದಲು ಟೈರಿನ ಒಳಮೈ ನೋಡಿ. ಅರಸೀಕೆರೆ, ಕಡೂರು ಕಡೆಯ ಬಯಲಲ್ಲಿ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಹೇರಳ. ನೆಗ್ಗಿಲು ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಮುಖ ಮಾಡಿರುತ್ತದೆ. ಟೈರಿಗೆ ಚುಚ್ಚಿಕೊಂಡ ಮೇಲೆ ಹೊರಗಿನ ಕಾಯಿ ಉಜ್ಜಿ ಉದುರಿಹೋಗುತ್ತದೆ, ತುದಿ ಮಾತ್ರ ಒಳಗೇ ಉಳಿಯುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ಸವಾರಿಯ ತೂಕ ಬಿದ್ದಾಗಲೆಲ್ಲ ಹೊಸ ಟ್ಯೂಬನ್ನೂ ಚುಚ್ಚುತ್ತದೆ.

ಹೀಗೆ ಹುಡುಕಿ. ಟ್ಯೂಬ್ ಹೊರತೆಗೆಯುವ ಮೊದಲೇ ವಾಲ್ವ್ ಇರುವ ಜಾಗದಲ್ಲಿ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಟ್ಯೂಬಿನ ಯಾವ ಮಗ್ಗುಲು ಚೈನಿನ ಕಡೆಗಿತ್ತು ಎಂಬುದನ್ನೂ ಗುರುತಿಟ್ಟುಕೊಳ್ಳಿ. ಟ್ಯೂಬಿಗೆ ಸ್ವಲ್ಪ ಉಬ್ಬುವಷ್ಟು ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸುತ್ತ ಹೋಗಿ. ಗುಳ್ಳೆ ಎದ್ದಲ್ಲಿ ಪೆನ್ನಿನಿಂದ ಗುರುತು ಹಾಕಿ. ಒಂದು ತೂತು ಸಿಕ್ಕಿತೆಂದು ನಿಲ್ಲಿಸಬೇಡಿ, ಪೂರ್ತಿ ಸುತ್ತು ಮುಗಿಸಿ. ಬಳಿಕ ಮೊದಲು ಇದ್ದ ಹಾಗೆಯೇ ಟ್ಯೂಬನ್ನು ಟೈರಿನ ಪಕ್ಕ ಇಟ್ಟರೆ, ತೂತಿನ ನೇರಕ್ಕೇ ಮುಳ್ಳು ಸಿಗುತ್ತದೆ. ಬೆರಳು ಆಡಿಸಿದರೆ ಗಾಯವಾಗಬಹುದು. ಹಳೆ ಬನಿಯನ್ ಬಟ್ಟೆಯನ್ನು ಒಳಮೈ ಉದ್ದಕ್ಕೂ ಎಳೆಯಿರಿ, ಮುಳ್ಳಿರುವ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಚಿಮುಟದಿಂದ ಕಿತ್ತು, ಮತ್ತೊಮ್ಮೆ ಬಟ್ಟೆ ಎಳೆದು ನೋಡಿ.

ಮುಳ್ಳು ಸಿಗದಿದ್ದರೆ ತೂತು ಎಲ್ಲಿದೆ ಎಂಬುದನ್ನು ಗಮನಿಸಿ, ಕಾರಣ ಅಲ್ಲೇ ಇದೆ. ರಿಮ್ಮಿನ ಕಡೆ ತೂತಿದ್ದರೆ ರಿಮ್ಮಿನ ಒಳಸುತ್ತಿನ ಪಟ್ಟಿ, ಅಂದರೆ ರಿಮ್ ಟೇಪ್, ಸರಿದು ಕಡ್ಡಿಯನ್ನು ಬಿಗಿಯುವ ನಿಪ್ಪಲ್ ಚುಚ್ಚುತ್ತಿದೆ. ಟೇಪ್ ಬದಲಿಸಿ, ಹೊರಚಾಚಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿಸಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆ ಇದ್ದಾಗ ಚಕ್ರ ಗುಂಡಿಗೆ ಇಳಿದು, ರಿಮ್ಮು ಟ್ಯೂಬನ್ನು ಕಚ್ಚಿದೆ ಎಂದರ್ಥ. ವಾಲ್ವ್ ಬುಡದಲ್ಲಿ ಹರಿದಿದ್ದರೆ ಕಡಿಮೆ ಗಾಳಿಯಲ್ಲಿ ಓಡಿಸಿದ್ದರಿಂದ ಟೈರು ಜಾರಿ ಟ್ಯೂಬನ್ನು ಎಳೆದಿದೆ. ಅಲ್ಲಿ ಪ್ಯಾಚ್ ನಿಲ್ಲದು, ಟ್ಯೂಬ್ ಬದಲಿಸಲೇಬೇಕು.

ಪ್ಯಾಚ್ ಬಿಟ್ಟುಕೊಳ್ಳುವುದು ಬಹುಪಾಲು ಅವಸರದಿಂದ. ಟ್ಯೂಬ್ ಪೂರ್ತಿ ಒಣಗಬೇಕು. ಪ್ಯಾಚಿಗಿಂತ ಅಗಲವಾಗಿ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಿರಿ, ಅಚ್ಚಿನ ಏಣು ಇದ್ದರೆ ಅದನ್ನೂ ಸಪಾಟು ಮಾಡಿ. ಉಜ್ಜಿದ ಜಾಗವನ್ನು ಕೈಯಿಂದ ಮುಟ್ಟಬೇಡಿ. ಸಲ್ಯೂಷನ್ನು ತೆಳ್ಳಗೆ ಸವರಿ ಐದು ನಿಮಿಷ ಬಿಡಿ, ಹಸಿ ಹೊಳಪು ಆರಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಹಸಿಯಾಗಿರುವಾಗಲೇ ಅಂಟಿಸಿದರೆ ಒಳಗಿನ ದ್ರಾವಕ ಆರದೆ ಪ್ಯಾಚ್ ಜಾರುತ್ತದೆ. ಅಂಟಿಸಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಿ. ಟ್ಯೂಬ್ ಒಳಗೆ ಹಾಕುವಾಗ ಅದು ದುಂಡಗೆ ನಿಲ್ಲುವಷ್ಟೇ ಗಾಳಿ ಇರಲಿ. ಟೈರನ್ನು ವಾಲ್ವಿನ ಎದುರು ತುದಿಯಿಂದ ಕೂರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯ ಬಿಗಿಯಾದ ಗೇಣನ್ನು ಹೆಬ್ಬೆರಳಿನಿಂದಲೇ ಒತ್ತಿ. ಅಲ್ಲಿ ಸ್ಕ್ರೂಡ್ರೈವರ್ ಹಾಕಿದರೆ ಹೊಸ ತೂತು ಖಂಡಿತ.

ಪ್ರಶ್ನೆ: ‘26ರ ಟ್ಯೂಬ್ ಕೊಡಿ’ ಎಂದು ಕೇಳಿ ತಂದೆ, ನನ್ನ ಸೈಕಲ್ಲಿಗೆ ಸರಿಹೊಂದಲಿಲ್ಲ. ಏನೆಂದು ಕೇಳಬೇಕು?
– ಓದುಗರು, ಹಾಸನ

ಉತ್ತರ: ಬರೀ ‘26’ ಸಾಲದು. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವುದನ್ನು ಪೂರ್ತಿ ಬರೆದುಕೊಂಡು ಅಂಗಡಿಗೆ ಹೋಗಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. 26×1⅜ ಎಂದರೆ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 590 ಮಿ.ಮೀ. ಗುಡ್ಡಗಾಡು ಸೈಕಲ್ಲಿನ 26×1.95ರಲ್ಲಿ ಅದು 559 ಮಿ.ಮೀ. ಹೆಸರು ಒಂದೇ, ಚಕ್ರ ಬೇರೆ. ಹಳೆ ಕಪ್ಪು ಸೈಕಲ್ಲಿನ 28×1½ಕ್ಕೆ 635, 700ಸಿ ಮತ್ತು 29 ಎರಡಕ್ಕೂ 622, 27.5ಕ್ಕೆ 584. ಟೈರಿನ ಮೇಲೆ 37-590 ಎಂಬಂತೆ ಜೋಡಿಸಂಖ್ಯೆ ಇದ್ದರೆ ಅದನ್ನೇ ನಂಬಿ, ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಟ್ಯೂಬಿನ ಡಬ್ಬಿಯಲ್ಲಿ ಅಗಲದ ಮಿತಿಯೂ ಇರುತ್ತದೆ, ಉದಾಹರಣೆಗೆ 1.75ರಿಂದ 2.125. ಸಣ್ಣ ಟ್ಯೂಬನ್ನು ಅಗಲ ಟೈರಿಗೆ ಹಾಕಿದರೆ ಹಿಗ್ಗಿ ತೆಳುವಾಗುತ್ತದೆ. ದೊಡ್ಡದನ್ನು ತುರುಕಿದರೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ.

ವಾಲ್ವನ್ನೂ ಹೇಳಿ. ಮೋಟಾರ್ ಬೈಕಿನಂತೆ ದಪ್ಪವಿರುವುದು ಶ್ರೇಡರ್, ತೆಳ್ಳಗೆ ಉದ್ದವಿದ್ದು ತುದಿಯಲ್ಲಿ ಸಣ್ಣ ನಟ್ ಇರುವುದು ಪ್ರೆಸ್ಟಾ. ಶ್ರೇಡರ್‌ನ ರಿಮ್ ರಂಧ್ರ ದೊಡ್ಡದು, ಆದ್ದರಿಂದ ಅದರಲ್ಲಿ ಪ್ರೆಸ್ಟಾ ಟ್ಯೂಬ್ ರಬ್ಬರ್ ಬಳೆಯೊಂದಿಗೆ ಕೂರುತ್ತದೆ. ಪ್ರೆಸ್ಟಾ ರಂಧ್ರಕ್ಕೆ ಶ್ರೇಡರ್ ಹಿಡಿಸದು, ರಂಧ್ರ ಕೊರೆಸುವ ಸಾಹಸ ಬೇಡ, ರಿಮ್ಮು ಬಲ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವುದಾದರೆ ಒಂದೊಂದೇ ಕ್ಷಣ ಒತ್ತಿ ಬಿಡಿಸಿ. ಸೈಕಲ್ ಟ್ಯೂಬಿನಲ್ಲಿ ಜಾಗ ಕಡಿಮೆ, ಅಲ್ಲಿನ ಒತ್ತಡಕ್ಕೆ ಕಣ್ಮುಚ್ಚಿ ತೆರೆಯುವುದರೊಳಗೆ ಸಿಡಿಯುತ್ತದೆ. ಮಿತಿ ಟೈರಿನ ಮಗ್ಗುಲಲ್ಲೇ ಪಿಎಸ್‌ಐಯಲ್ಲಿ ಬರೆದಿರುತ್ತದೆ.

ಪ್ರಶ್ನೆ: ಅಪ್ಪನ ಹಳೆ ಸೈಕಲ್. ನೀರಿನಲ್ಲಿ ಮುಳುಗಿಸಿದರೂ ತೂತಿಲ್ಲ, ಬೆಳಿಗ್ಗೆ ತುಂಬಿದ ಗಾಳಿ ಸಂಜೆಗೆ ಇಲ್ಲ.
– ಓದುಗರು, ಸಕಲೇಶಪುರ

ಉತ್ತರ: ಹಳೆ ಬಗೆಯ ವಾಲ್ವಿನ ಪಿನ್ನಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ, ಅಂದರೆ ವಾಲ್ ಟ್ಯೂಬ್, ಸೀಳಿರುತ್ತದೆ. ಗಾಳಿ ತುಂಬಿ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ, ಗುಳ್ಳೆ ಬಂದರೆ ಅದೇ ಕಾರಣ. ಪಿನ್ನಿನ ಪಕ್ಕದ ರಂಧ್ರ ಪೂರ್ತಿ ಮುಚ್ಚುವಂತೆ ಹೊಸ ಕೊಳವೆ ತೊಡಿಸಿ. ಎಣ್ಣೆ ಸವರಬೇಡಿ, ರಬ್ಬರ್ ಕರಗುತ್ತದೆ. ನೀರು ಸಾಕು. ಬೆಲೆ ತೀರ ಕಡಿಮೆ, ನಾಲ್ಕು ಕೊಂಡು ಮನೆಯಲ್ಲಿಡಿ.

ಪ್ರಶ್ನೆ: ಮುಳ್ಳಯ್ಯನಗಿರಿ ಹತ್ತುವಾಗ ಹಾಕಿದ ಪ್ಯಾಚ್ ಇಳಿಯುವಾಗ ಬಿಟ್ಟಿತು. ಹೊಸ ಮುಳ್ಳೇನೂ ಇರಲಿಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮದು ರಿಮ್ಮನ್ನೇ ಒತ್ತಿಹಿಡಿಯುವ ಬ್ರೇಕ್ ಆಗಿದ್ದರೆ ಇದು ಶಾಖದ ಕೆಲಸವಿರಬೇಕು. 1,930 ಮೀಟರ್ ಎತ್ತರದ ಶಿಖರದಿಂದ ತಪ್ಪಲಿನ ಕೈಮರದವರೆಗೂ ಬ್ರೇಕ್ ಹಿಡಿದೇ ಬಂದರೆ ರಿಮ್ಮು ಕಾದು ಒಳಗಿನ ಗಾಳಿ ಹಿಗ್ಗುತ್ತದೆ. ಆಗತಾನೆ ಹಾಕಿದ ಪ್ಯಾಚಿನ ಅಂಟು ಆ ಬಿಸಿಗೆ ಸಡಿಲವಾಗುತ್ತದೆ. ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟುಬಿಡಿ. ನಡುನಡುವೆ ನಿಂತು ರಿಮ್ಮು ಆರಲಿ. ಘಾಟಿಗೆ ಹೊರಡುವಾಗ ಪ್ಯಾಚ್ ಡಬ್ಬಿಯ ಜೊತೆ ಒಂದು ಹೊಸ ಟ್ಯೂಬ್ ಇಟ್ಟುಕೊಳ್ಳಿ. ದಾರಿಯಲ್ಲಿ ಟ್ಯೂಬ್ ಬದಲಿಸಿ, ತೂತಾದದ್ದಕ್ಕೆ ಮನೆಗೆ ಬಂದು ಪ್ಯಾಚ್ ಹಾಕಿ ಒಂದು ರಾತ್ರಿ ಬಿಡಿ.